ಹೊಂಡದ ಮೀನು ಬಾಯಿ ತೆರೆದದ್ದು

ಗುಡ್ಡದ ಮೇಲೊಂದು ಸಣ್ಣ ಆಶ್ರಮ. ಕುಡಿಯುವ ನೀರನ್ನೂ ಕೆಳಗಿನಿಂದ ಹೊತ್ತು ತರಬೇಕು. ಅಲ್ಲಿದ್ದವರು ಮುರಿಗೆವ್ವ ತಾಯಿ. ಹಿಂದೆ ಕಾಲೇಜಿನಲ್ಲಿ ಕಲ್ಲು-ಮಣ್ಣಿನ ಶಾಸ್ತ್ರ ಕಲಿಸಿದವರು, ಅದನ್ನೆಲ್ಲ ಬಿಟ್ಟು ಇಲ್ಲಿ ಬಂದು ಕೂತವರು.

ಅವರ ಶಿಷ್ಯ ಕಲ್ಲಿನಾಥ. ನಲವತ್ತು ದಾಟಿದ ಗಟ್ಟಿ ಆಳು, ಕರುಳು ಮಾತ್ರ ಬೆಣ್ಣೆ. ಯಾರೋ ಹಸಿದಿದ್ದಾರೆ ಎಂದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ದಾಸೋಹದಲ್ಲಿ ಉಳಿದ ಪ್ರಸಾದ ಯಾರ ಕಾಲಿಗೂ ಸಿಗಬಾರದು, ತಿಪ್ಪೆಗೂ ಬೀಳಬಾರದು. ಅದು ಅಲ್ಲಿಯ ನಿಯಮ. ಕಲ್ಲಿನಾಥ ದಿನಾ ಅದನ್ನು ಬುಟ್ಟಿಗೆ ತುಂಬಿ, ಅಂಗಳದ ಮಳೆನೀರಿನ ಹೊಂಡದಲ್ಲಿದ್ದ ಮೀನುಗಳಿಗೆ ಹಾಕುತ್ತಿದ್ದ. ಅನ್ನ, ನುಚ್ಚು, ಹುಗ್ಗಿ. ಒಂದೊಂದು ಮೀನಿಗೂ ಒಂದೊಂದು ಹೆಸರಿಟ್ಟಿದ್ದ, ಪುಣ್ಯಾತ್ಮ!

ಶ್ರಾವಣದಲ್ಲಿ ಭಕ್ತರು ಹೆಚ್ಚಾದರು. ಉಳಿದದ್ದೂ ಹೆಚ್ಚಾಯಿತು. ಹೊಂಡದ ನೀರು ದಿನದಿಂದ ದಿನಕ್ಕೆ ಹಸಿರಾಯಿತು.

"ನೋಡ್ರಿ ತಾಯಿ, ಹೊಂಡ ಹೆಂಗ ಮೈತುಂಬೈತಿ!"

ತಾಯಿ ನೋಡಿ ನಕ್ಕು ಹೋಗಿದ್ದರು.

ಒಂದು ಬೆಳಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಕಲ್ಲಿನಾಥ ದಂಡೆಗೆ ಬಂದು ಬಗ್ಗಿ ನೋಡಿದ.

"ಅಯ್ಯೋ ಶಿವನೇ, ಎಷ್ಟ ಹಸದಾವು!"

ಓಡಿಹೋಗಿ ಎರಡು ಬುಟ್ಟಿ ಅನ್ನ ತಂದು ಸುರಿದ. ಒಂದೂ ತಿನ್ನಲಿಲ್ಲ. ದೊಡ್ಡ ಮೀನೊಂದು ಹೊಟ್ಟೆ ಮೇಲಾಗಿ ತೇಲಿತು. ಆಮೇಲೆ ಇನ್ನೊಂದು.

ಅವನ ಕೂಗು ಕೇಳಿ ತಾಯಿ ಬಂದರು. ಬೊಗಸೆಯಲ್ಲಿ ನೀರೆತ್ತಿ ಮೂಸಿದರು. ಸೀರೆ ಸಿಕ್ಕಿಸಿಕೊಂಡು ಸೊಂಟದ ಮಟ್ಟದ ನೀರಿಗೆ ಇಳಿದು, ಒಂದು ಕೊಡ ನೀರು ಎತ್ತಿ, ತಲೆಗಿಂತ ಎತ್ತರದಿಂದ ಹೊಂಡಕ್ಕೇ ಸುರಿದರು. ಮತ್ತೆ ಎತ್ತಿದರು, ಮತ್ತೆ ಸುರಿದರು.

"ಏನ್ ಮಾಡಾಕ ಹತ್ತೀರಿ ತಾಯಿ?"

"ಅವು ಹಸದಿಲ್ಲೋ ತಮ್ಮಾ, ಉಸಿರಿಗೆ ಬಾಯಿ ಬಿಡಾಕ ಹತ್ಯಾವ. ನೀ ಹಾಕಿದ ಅನ್ನ ತಳದಾಗ ಕೊಳತು, ನೀರಾಗಿನ ಗಾಳೀನೆಲ್ಲಾ ತಿಂದು ಬಿಟ್ಟೈತಿ. ಮ್ಯಾಲಿಂದ ಸುರುವಿದ್ರ ಒಂದಿಷ್ಟು ಗಾಳಿ ಒಳಗ ಹೋಗತೈತಿ. ಇಳಿ."

ಅವನು ಇಳಿದ. ಹಾಕಿದ ಅನ್ನವನ್ನು ಬುಟ್ಟಿಯಲ್ಲಿ ಬಳಿದು ಹೊರಗೆ ಹಾಕಿದ. ಆಮೇಲೆ ಇಬ್ಬರೂ ಸಂಜೆಯವರೆಗೆ ಕೊಡ ಎತ್ತಿ ಸುರಿದರು.

ಸಂಜೆಗೆ ಅರ್ಧಕ್ಕಿಂತ ಹೆಚ್ಚು ಮೀನು ಸತ್ತಿದ್ದವು. ಕಲ್ಲಿನಾಥ ಮೆಟ್ಟಿಲ ಮೇಲೆ ಕುಸಿದು ಗಳಗಳ ಅತ್ತ.

"ಸಾಕ್ರಿ ತಾಯಿ. ಉಣಿಸಿ ಉಣಿಸಿ ಕೊಂದೆ ನಾ. ನಾಳೆ ಆಶ್ರಮ ಬಿಟ್ಟು ಹೋಗ್ತೀನಿ."

ತಾಯಿ ಬೈಯಲಿಲ್ಲ. ಒಳಗೆ ಹೋಗಿ ಒಂದು ಕರಿ ಕಲ್ಲು ತಂದು ಅವನ ಒದ್ದೆ ಅಂಗೈಯಲ್ಲಿಟ್ಟರು.

"ಇದು ಬಾಳ ಬಾಳ ಹಿಂದ ಸಮುದ್ರದ ತಳದ ಕೆಸರು. ಗಟ್ಟಿಯಾಗಿ ಹಿಂಗಾಗೈತಿ. ಪದರು ನೋಡು."

ಪುಸ್ತಕದ ಹಾಳೆಯಷ್ಟು ತೆಳ್ಳಗಿನ ಪದರುಗಳು.

"ಎಷ್ಟ ನೀಟಾಗಿ ಅದಾವ್ರಿ!"

"ಯಾಕ ಗೊತ್ತೈತೇನು? ಕೆಸರು ಕಲಕಾಕ ಅಲ್ಲಿ ಒಂದು ಹುಳಾನೂ ಉಳದಿರಲಿಲ್ಲ. ಎಲ್ಲಾ ಉಸಿರು ಕಟ್ಟಿ ಸತ್ತಿದ್ವು."

ಅವನು ಕಣ್ಣೊರೆಸಿಕೊಂಡ. "ಅಲ್ಲಿ ಯಾರು ಅನ್ನಾ ಹಾಕಿದ್ರಿ?"

"ಮನುಷ್ಯಾರು ಆವಾಗ ಹುಟ್ಟಿರಲೇ ಇಲ್ಲ. ಬೆಂಕಿ ಉಗುಳೂ ಗುಡ್ಡ ಸಿಡಿದ್ವು, ಭೂಮಿ ಕಾಯ್ತು. ಬಿಸಿ ನೀರು ಗಾಳಿ ಬಾಳ ಹಿಡಕೊಳ್ಳೂದಿಲ್ಲ. ಮಳಿ ಬಂದು ನೆಲದ ಸಾರಾನೆಲ್ಲಾ ತೊಳದು ಸಮುದ್ರಕ್ಕ ಸುರುವಿತು. ಸಮುದ್ರ ಹಸಿರಾತು, ಆ ಹಸಿರು ಕೊಳೀತು. ಅಲ್ಲಿದ್ದ ಹತ್ತು ಜಾತಿ ಜೀವದಾಗ ಒಂಬತ್ತು ಅಳಿದ್ವು ಅಂತಾರ."

"ಅವೂ ಹಿಂಗ ಬಾಯಿ ಬಿಟ್ಟಿದ್ವೇನ್ರಿ?"

"ಬಿಟ್ಟಿರಬೇಕು."

ಕಲ್ಲಿನಾಥನಿಗೆ ಒಮ್ಮೆಲೇ ಸಿಟ್ಟು ಬಂತು. ಗುರುವಿನ ಮುಂದೆ ಎಂದೂ ಏರದ ದನಿ ಏರಿತು.

"ಇಷ್ಟೆಲ್ಲಾ ಗೊತ್ತಿದ್ದವರು ನನಗ ಯಾಕ ಹೇಳಲಿಲ್ರಿ?"

ತಾಯಿಯ ಕಣ್ಣು ತುಂಬಿತು.

"ಹಸಿರು ಕಂಡಿದ್ದೆ. ಚಂದ ಕಾಣತೈತಿ ಅಂತ ಸುಮ್ಮನಾದೆ. ನಿಂದು ಎಷ್ಟು ತಪ್ಪೋ ನಂದೂ ಅಷ್ಟ."

ಗುರು ಹೀಗೆ ತಪ್ಪೊಪ್ಪಿಕೊಂಡದ್ದನ್ನು ಅವನು ಕಂಡಿರಲಿಲ್ಲ. ಸಿಟ್ಟು ಇಳಿಯಿತು, ದುಃಖ ಮಾತ್ರ ಇಳಿಯಲಿಲ್ಲ.

"ಆ ಸಮುದ್ರ ಸುಧಾರಿಸಾಕ ಎಷ್ಟು ದಿನಾ ಹಿಡೀತ್ರಿ?"

"ದಿನಾ ಅಲ್ಲೋ ಹುಚ್ಚಪ್ಪಾ. ಲಕ್ಷ ಲಕ್ಷ ವರ್ಷ."

"ಸಮುದ್ರದ ಪಾಡ ಹಂಗಾದ್ರ ಈ ಹೊಂಡದ ಗತಿ ಏನ್ರಿ? ಹೊತ್ತು ಮುಳುಗಾಕ ಬಂತು. ನಮ್ಮ ಕೈಯಾಗ ಏನೈತಿ?"

ಹೊಂಡದ ಮೂಲೆಯಲ್ಲಿ ಬೆರಳುದ್ದದ ಮೀನೊಂದು ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು.

ತಾಯಿ ಅವನ ಕೈಯಿಂದ ಕಲ್ಲು ತೆಗೆದು ಪಕ್ಕಕ್ಕಿಟ್ಟರು. ಅದೇ ಕೈಗೆ ಕೊಡ ಕೊಟ್ಟರು.

"ಆ ಸಮುದ್ರದ ದಂಡಿ ಮ್ಯಾಲೆ ಕೊಡ ಹಿಡಕೊಂಡು ನಿಂತವರು ಒಬ್ಬರೂ ಇರಲಿಲ್ಲೋ ಕಲ್ಲಿನಾಥ. ಇಲ್ಲಿ ನೀ ಅದಿ. ಇಳಿ."