ಉಂಡಾದ ಮೇಲಿನ ತಟ್ಟೆ

ಅಡಿವೆಪ್ಪನಿಗೆ ಅಡುಗೆ ಮಾಡುವುದು ಗೊತ್ತಿತ್ತು, ಬಡಿಸುವುದು ಗೊತ್ತಿತ್ತು. ಯಾವುದರಲ್ಲಿ ಬಡಿಸಬೇಕು ಎಂಬುದೇ ಅವನ ತಲೆ ಕೆಡಿಸಿತು.

ಹೊಳೆದಂಡೆಯ ಆ ಆಶ್ರಮದಲ್ಲಿ ಅಮಾವಾಸ್ಯೆಗೂ ಹುಣ್ಣಿಮೆಗೂ ಬಂದವರಿಗೆಲ್ಲ ಊಟ. ಬಡಿಸುವ ಸೌಟು ಶಿಷ್ಯನದು, ಉಂಡವರ ಎಲೆ ಎತ್ತುವ ಕೆಲಸ ಗುರುವಿನದು. ಅಲ್ಲಿ ಮೊದಲಿನಿಂದ ನಡೆದು ಬಂದ ಪದ್ಧತಿಯೇ ಹಾಗೆ. ಗುರುವನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಅಜ್ಜಾರಿಗೆ ವಯಸ್ಸಾಗಿತ್ತು. ಬಗ್ಗಿ ಬಗ್ಗಿ ಎಲೆ ಎತ್ತುವುದನ್ನು ನೋಡಿ ಅಡಿವೆಪ್ಪನಿಗೆ ಸಂಕಟವಾಗುತ್ತಿತ್ತು. ಅದಕ್ಕೇ ಆ ಅಮಾವಾಸ್ಯೆಗೆ ಪೇಟೆಯಿಂದ ಬಿಳಿ ಥರ್ಮಾಕೋಲ್ ತಟ್ಟೆ ತಂದ. ಉಂಡವರು ತಾವೇ ಹೊರಗೆ ಒಗೆಯಲಿ, ಗುರುವಿಗೆ ವಿಶ್ರಾಂತಿ ಸಿಗಲಿ ಎಂದು ಅವನ ಲೆಕ್ಕ.

ಕುದಿಯುವ ಸಾರು ಬಿದ್ದ ಕೂಡಲೇ ಒಂದು ಮಗುವಿನ ತಟ್ಟೆ ಮೆತ್ತಗಾಗಿ ಕುಸಿಯಿತು. ಸಾರು ತೊಡೆಯ ಮೇಲೆ ಚೆಲ್ಲಿ ಮಗು ಕಿರುಚಿತು. ಸಂಜೆ ಗಾಳಿ ಎದ್ದು ಬೇಲಿಯಾಚೆ ಒಗೆದ ತಟ್ಟೆಗಳೆಲ್ಲ ಹೊಳೆಯ ಕಡೆ ಹಾರಿದವು.

ಮರುದಿನ ಅಜ್ಜಾರು ಕೇಳಿದರು, "ನಿನ್ನಿ ತಟ್ಟಿ ಎಲ್ಲಿ ಹೋದವು?"

"ಹೊರಗ ಹೋದವ್ರಿ ಅಜ್ಜಾರ."

"ಹೊರಗ ಅಂದ್ರ ಎಲ್ಲಿ?"

ಅಡಿವೆಪ್ಪ ಬೇಲಿಯಾಚೆ ಕೈ ತೋರಿಸಿದ.

"ಅಲ್ಲಿ ಗೌರವ್ವನ ಮನಿ ಐತಿ."

"ಅದರ ಆಚೀಕಡೆರಿ."

"ಅಲ್ಲಿ ಹೊಳಿ ಐತಿ. ಈಗ ನೀ ಕುಡದ ನೀರು ಅಲ್ಲೀದ."

ತೋರಿಸುತ್ತಿದ್ದ ಕೈಯನ್ನು ಅಡಿವೆಪ್ಪ ಕೆಳಗಿಳಿಸಿದ.

"ಹುಣ್ಣಿಮಿಗೆ ನೀನ ವಿಚಾರ ಮಾಡಿ ತಟ್ಟಿ ಆರಿಸು," ಎಂದರು ಅಜ್ಜಾರು. "ಆಗಲಿಲ್ಲ ಅಂದ್ರ ಸೌಟು ಕೆಳಗಿಡು."

ಹಿಂದೊಮ್ಮೆ ಹಸಿದು ಅಲೆಯುತ್ತಿದ್ದ ಅಡಿವೆಪ್ಪನಿಗೆ ಹೊಟ್ಟೆ ತುಂಬ ಅನ್ನ ಸಿಕ್ಕಿದ್ದು ಇದೇ ಪಂಕ್ತಿಯಲ್ಲಿ. ಅಂದು ಎದ್ದವನು ವಾಪಸು ಹೋಗಲಿಲ್ಲ, ಸೌಟು ಹಿಡಿದ. ಅದು ಕೈತಪ್ಪಿದರೆ ತಾನು ಯಾರು ಎಂದು ಅವನಿಗೇ ತಿಳಿಯದು.

ಪೇಟೆಗೆ ಓಡಿದ. ಅಂಗಡಿಯವನು ಒಂದೊಂದಾಗಿ ತೆಗೆದು ಮುಂದಿಟ್ಟ.

"ಇದು ಮಿರಮಿರ ಮಿಂಚೋ ಪೇಪರ್ ತಟ್ಟಿ. ಹೋಟೆಲ್‌ನವರು ಇದನ್ನ ಒಯ್ತಾರ. ಇದು ಹೂವಿನ ಚಿತ್ರದ ಮೆಲಮೈನ್, ಮನೀಗೆ ಛಲೋ, ಬಿದ್ರೂ ಒಡೆಯೂದಿಲ್ಲ. ಇದು ಸ್ಟೀಲು. ಇದು ಅಡಿಕಿ ಹಾಳೀದು. ಇದು ಮುತ್ತಲೆಲಿ ಹಚ್ಚಿ ಮಾಡಿದ್ದು."

"ಇದರಾಗ ಯಾವುದು ಛಲೋರಿ?"

"ನಿಮಗ ಯಾವುದು ಬೇಕೋ ಅದ ಛಲೋರಿ."

ಅಡಿವೆಪ್ಪನಿಗೆ ಸಿಟ್ಟು ಬಂತು. ಆದರೂ ಒಂದೊಂದನ್ನು ಕೊಂಡು ಬಂದ. ದಾರಿಯಲ್ಲಿ ಗೌರವ್ವ ಅಡ್ಡ ಸಿಕ್ಕಳು.

"ಮೆಲಮೈನ್‌ದಾಗ ಬಿಸಿ ಹುಳಿ ಸಾರು ಹಾಕಬ್ಯಾಡಪಾ, ಅದು ಮೈಗೆ ಒಳ್ಳೇದಲ್ಲ ಅಂತಾರ," ಎಂದಳು. "ಎಲಿ ತಟ್ಟೀನೂ ನೋಡಿ ತಗೋ. ಮೊದಲು ಕಡ್ಡಿ ಚುಚ್ಚಿ ಹಚ್ಚತಿದ್ದರು, ಈಗ ಪಿನ್ ಹೊಡೀತಾರ. ಅನ್ನದಾಗ ಬಂದ್ರ ಗಂಟಲಿಗೆ ಹೋಗತೈತಿ."

ಒಳ್ಳೆಯದಕ್ಕೇ ಹೇಳಿದಳು. ಅಡಿವೆಪ್ಪನ ಗೊಂದಲ ಮಾತ್ರ ದುಪ್ಪಟ್ಟಾಯಿತು.

ತಟ್ಟೆಗಳನ್ನು ಗುರುವಿನ ಮುಂದೆ ಸಾಲಾಗಿ ಹರಡಿದ.

"ಸ್ಟೀಲು ಬಾಳಿಕಿ ಬರತೈತ್ರಿ."

"ಹೌದು."

"ಆದ್ರ ತೊಳಿಯೂದು ಭಾಳ. ಸೋಪಿನ ನೀರೆಲ್ಲ ಹೊಳಿಗೆ ಹೋಗತೈತಿ."

"ಹೌದು."

"ಪೇಪರಿಂದು ತೊಳಿಯೂದ ಬ್ಯಾಡ್ರಿ."

"ಹೌದು."

"ಎಲ್ಲಾದಕ್ಕೂ ಹೌದು ಅಂದ್ರ ಹೆಂಗ್ರಿ ಅಜ್ಜಾರ? ಯಾವುದು ಛಲೋ?"

"ಎಲ್ಲಾ ಛಲೋನ ಅದಾವ," ಎಂದರು ಅಜ್ಜಾರು. "ಉಣ್ಣೋತನಕ."

ಅಷ್ಟು ಹೇಳಿ ಎದ್ದು ಹೋದರು. ಅಡಿವೆಪ್ಪ ಅಲ್ಲೇ ಕುಳಿತ. ಉಣ್ಣೋದಕ್ಕೇ ತಟ್ಟೆ ಅಲ್ಲವೇ? ಉಣ್ಣೋತನಕ ಛಲೋ ಆದರೆ ಸಾಲದೇ? ಯೋಚಿಸಿದಷ್ಟೂ ಮಂಕು ಕವಿಯಿತು.

ಆರಿಸಲಾಗದವರೆಲ್ಲ ಮಾಡುವುದನ್ನೇ ಕೊನೆಗೆ ಅವನೂ ಮಾಡಿದ. ಮೆಲಮೈನ್ ಒಂದನ್ನು ಬಿಟ್ಟು ಎಲ್ಲವನ್ನೂ ಒಂದಿಷ್ಟಿಷ್ಟು ತಂದ.

ಹುಣ್ಣಿಮೆ ಬಂತು. ಜನ ಪಂಕ್ತಿಯಲ್ಲಿ ಕುಳಿತರು. ಅಡಿವೆಪ್ಪ ಸೌಟಿಗೆ ಕೈ ಹಾಕುವಷ್ಟರಲ್ಲಿ ಅಜ್ಜಾರೇ ಅದನ್ನು ಎತ್ತಿಕೊಂಡರು.

"ಇವತ್ತು ನಾ ಬಡಸ್ತೀನಿ. ನೀ ಎತ್ತು."

ಅಡಿವೆಪ್ಪನ ಕಣ್ಣಲ್ಲಿ ನೀರು ಬಂತು. "ನಾ ಸೋತೆ ಅಂತೇನ್ರಿ?"

"ಉಂಡದ್ದು ಎತ್ತು ಅಂದೆ. ಎತ್ತಿದ್ದು ಒಂದೂ ಆಶ್ರಮದಿಂದ ಹೊರಗ ಹೋಗಬಾರದು. ಅಷ್ಟ."

ಊಟವಾಯಿತು. ಜನ ಕೈ ತೊಳೆದು ಎದ್ದರು. ಅಡಿವೆಪ್ಪ ಮೊದಲ ಸಲ ಎಂಜಲಿಗೆ ಬಗ್ಗಿದ.

ಸ್ಟೀಲಿನವನ್ನು ಸೋಪು ಮುಟ್ಟದೆ ಬೂದಿ ಹಾಕಿ ತಿಕ್ಕಿದ. ರಟ್ಟೆ ಸೋತವು, ಆದರೆ ನೀರು ಬಾಳೆಯ ಬುಡಕ್ಕೆ ಹೋಯಿತು. ಮುತ್ತಲೆಲೆಯ ಪಿನ್ ಕೀಳುವಾಗ ಬೆರಳಿಗೆ ಚುಚ್ಚಿ ರಕ್ತ ಬಂತು. ಪಿನ್ನುಗಳನ್ನು ಒಂದು ಡಬ್ಬಿಗೆ ಹಾಕಿ, ಎಲೆಗಳನ್ನೂ ಅಡಿಕೆ ಹಾಳೆಯ ತಟ್ಟೆಗಳನ್ನೂ ಗೊಬ್ಬರದ ಗುಂಡಿಗೆ ಹಾಕಿದ. ಗುಂಡಿ ಏನೂ ಕೇಳದೆ ಇಟ್ಟುಕೊಂಡಿತು.

ಉಳಿದವು ಮಿಂಚುವ ಪೇಪರ್ ತಟ್ಟೆಗಳು.

ಒಂದನ್ನು ಹರಿದು ನೋಡಿದ. ಕಾಗದ ಹರಿಯಿತು. ಒಳಗಿನಿಂದ ಹಾಲಿನ ಕೆನೆಯಂಥ ತೆಳು ಪ್ಲಾಸ್ಟಿಕ್ಕು ಎದ್ದು ಬಂತು, ಅದು ಹರಿಯಲೊಲ್ಲದು. ಒಂದಿಷ್ಟು ಸುಟ್ಟ. ಕೆಟ್ಟ ವಾಸನೆಯ ಹೊಗೆ ಎದ್ದು ಅಜ್ಜಾರು ಕೆಮ್ಮತೊಡಗಿದರು. ಓಡಿ ಹೋಗಿ ನೀರು ತಂದು ಬೆಂಕಿ ಆರಿಸಿದ. ಉಳಿದವನ್ನು ಹಿತ್ತಲಲ್ಲಿ ಹೂತ. ಸಾರಿನ ವಾಸನೆಗೆ ಬಂದ ನಾಯಿ ಎಲ್ಲವನ್ನೂ ಕೆದರಿ ಅಂಗಳದಲ್ಲಿ ಹರಡಿತು.

ಕಡೆಗೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಬೆನ್ನಿಗೆ ಹಾಕಿಕೊಂಡ. ಗೋಡೆಯ ಹಿಂದೆ ಇಡೋಣವೆಂದರೆ ಅಲ್ಲಿ ಹಪ್ಪಳ ಒಣಗುತ್ತಿದ್ದವು. ಬಾವಿಕಟ್ಟೆಯ ಹತ್ತಿರ ನೀರು ಸೇದುವವರು, ಮರದ ಕೆಳಗೆ ಉಂಡು ಮಲಗಿದ ಜನ. ತನ್ನ ಕೋಣೆಗೆ ಒಯ್ದ, ಅಲ್ಲಿ ಇದ್ದದ್ದೇ ಒಂದು ಚಾಪೆಯ ಜಾಗ. ಚೀಲ ಹೊತ್ತುಕೊಂಡೇ ಆಶ್ರಮವನ್ನೆಲ್ಲ ಸುತ್ತಿದ. ನೋಡಿದವರಿಗೆ ನಗು ಬಂತು. ಅವನಿಗೆ ಅಳು ಬಂತು.

ಅಜ್ಜಾರ ಮುಂದೆ ಬಂದು ನಿಂತ.

"ಇದನ್ನ ಎಲ್ಲಿ ಇಡಲ್ರಿ ಅಜ್ಜಾರ?"

"ಹೊರಗ ಇಡು."

"ಹೊರಗ ಅನ್ನೂದು ಎಲ್ಲೂ ಇಲ್ರಿ. ಎಲ್ಲಾ ಕಡೆ ನೋಡಿ ಬಂದೆ."

ಅಜ್ಜಾರು ಒಳಗೆ ಹೋಗಿ ತೊಳೆದಿಟ್ಟ ಸೌಟನ್ನು ತಂದು ಅವನ ಕೈಗೆ ಕೊಟ್ಟರು.

ಅಡಿವೆಪ್ಪ ಅದನ್ನು ಎದೆಗೆ ಒತ್ತಿಕೊಂಡ. ಆದರೆ ಗೊಂದಲವೇನೂ ಬಿಟ್ಟು ಹೋಗಿರಲಿಲ್ಲ.

"ಖರೇ ಹೇಳಬೇಕಂದ್ರ ನನಗಿನ್ನೂ ತಿಳೀವಲ್ದುರಿ," ಎಂದ. "ಬರೂ ಅಮಾಸಿಗೆ ಯಾವ ತಟ್ಟಿ ತರಲಿ?"

ಚೀಲ ಇಳಿಸಲು ಅವನು ಬಗ್ಗಿದ. ಅಜ್ಜಾರು ಕೈ ಹಿಡಿದು ತಡೆದರು.

"ಇಳಿಸಬ್ಯಾಡ. ಅದನ್ನ ಹೊತಗೊಂಡ ಅಂಗಡಿಗೆ ಹೋಗಿ ಆರಿಸಿಕೊಂಡು ಬಾ."