ಎದುರು ಸುತ್ತಿನ ಚಂದಿರ

ತಲೆ ಇಡೋ ಕಡೆ ಕಾಲು ಇಟ್ಟಿದೀಯಲ್ಲೇ ನಳಿನಿ, ತಿರುಗಿ ಮಲಗು. ತಿರುಗಲ್ವಾ? ಸರಿ, ಕೇಳು.

ಒಂದಾನೊಂದು ಕಾಲದಲ್ಲಿ, ಕಾಲ ಎಣಿಸೋಕೆ ಭೂಮಿ ಮೇಲೆ ಒಬ್ಬರೂ ಹುಟ್ಟಿರದಾಗ, ಟ್ರೈಟನ್ ಅಂತ ಒಬ್ಬ ಒಂಟಿ ಚಂದಿರ ಇದ್ದನಂತೆ. ನಮ್ಮ ಚಂದಿರನಿಗಿಂತ ಚೂರು ಸಣ್ಣೋನು. ಸುತ್ತೋಕೆ ಅವನಿಗೊಂದು ಗ್ರಹ ಇರಲಿಲ್ಲವಂತೆ. ಗ್ರಹ ಸಿಗದಿದ್ರೆ ಕತ್ತಲಲ್ಲಿ ಹೀಗೇ ಅಲೀತಾ ಇರಬೇಕು, ಯಾರೂ ಹುಡುಕೋರಿಲ್ಲ. ಸೂರ್ಯನ ಹತ್ತಿರದ ಮನೆಗಳು ಬೆಚ್ಚಗಿರ್ತವೆ ಅಂತ ಆ ಕಡೆ ಹೊರಟನಂತೆ. ದಾರೀಲಿ ಮೊದಲು ಸಿಕ್ಕಿದ್ದು ನೆಪ್ಚೂನಜ್ಜಿ ಮನೆ. ಬರೀ ಕತ್ತಲು, ಚಳಿ. ತಿರುಗಿಯೂ ನೋಡದೆ ದಾಟಿಬಿಟ್ಟನಂತೆ.

ಆಮೇಲೆ ಎಲ್ಲಕ್ಕಿಂತ ದೊಡ್ಡದಾದ ಗುರುಮಾವನ ಮನೆಗೆ ಹೋಗಿ, ಮಾವ, ನನ್ನನ್ನೂ ಇಟ್ಕೋ ಅಂದನಂತೆ. ಗುರುಮಾವ, ಏಯ್, ನೀನು ಎದುರುದಿಕ್ಕಲ್ಲಿ ಬರ್ತಿದೀಯಲ್ಲೋ, ನನ್ನ ನಾಲ್ಕು ದೊಡ್ಡ ಮಕ್ಕಳೂ ಈ ಕಡೆಯಿಂದ ಸುತ್ತೋದು, ನೀನು ಆ ಕಡೆಯಿಂದ ಬಂದ್ರೆ ಹಣೆಗೆ ಹಣೆ ಢೀ ಅನ್ನುತ್ತೆ, ತಿರುಗಿ ಬಾ ಅಂದನಂತೆ.

ತಿರುಗಬಹುದಿತ್ತಲ್ಲ ಅಜ್ಜಿ?

ಹೆಂಗೆ ತಿರುಗ್ತಾನೆ ಕೂಸೇ? ನೀನಾದ್ರೆ ಓಡ್ತಾ ಓಡ್ತಾ ಕಂಬ ಹಿಡ್ಕೊಂಡು ತಿರುಗ್ತೀಯ. ಆಕಾಶದಲ್ಲಿ ಕಂಬ ಎಲ್ಲಿದೆ?

ಆಮೇಲೆ ಶನಿಮಾವನ ಹತ್ರ ಹೋದನಂತೆ. ಶನಿಮಾವ ತನ್ನ ಬಳೆ ತೋರಿಸಿ, ಇದೆಲ್ಲ ಚೂರುಚೂರು ಮಂಜುಗಡ್ಡೆ ಕಣೋ, ಸಾಲಾಗಿ ಓಡಿಸೋದ್ರಲ್ಲೇ ನನಗೆ ಸಾಕಾಗಿದೆ, ನೀನು ಎದುರಿಂದ ನುಗ್ಗಿದ್ರೆ ಎಲ್ಲ ಚೆಲ್ಲಾಪಿಲ್ಲಿ, ಹೋಗೋ ಅಂದನಂತೆ. ಆಮೇಲೆ ಯುರೇನಸ್ ಮಾವ. ಅವನು ಪಕ್ಕಕ್ಕೆ ಉರುಳ್ಕೊಂಡೇ ಇದ್ದನಂತೆ. ಮಲಗಿದವರನ್ನ ಎಬ್ಬಿಸ್ತಾರೇನೋ ಅಂತ ಗೊಣಗಿ, ಕಣ್ಣೂ ಬಿಡಲಿಲ್ಲವಂತೆ.

ಆ ದಾರೀಲಿ ಇನ್ನು ಉಳಿದದ್ದು ಒಂದೇ ಮನೆ. ನಾಚಿಕೆ ಆದ್ರೂ ನೆಪ್ಚೂನಜ್ಜಿ ಅಂಗಳಕ್ಕೆ ಬಂದನಂತೆ.

ಅಜ್ಜಿ, ಹೋಗುವಾಗ ನಾನು ನಿನ್ನ ನೋಡಲೇ ಇಲ್ಲ ಅಂದನಂತೆ.

ನಾನು ನೋಡಿದ್ದೆ ಬಿಡೋ ಅಂದಳಂತೆ.

ನಾನು ಎದುರುದಿಕ್ಕಲ್ಲೇ ಸುತ್ತೋದು ಅಜ್ಜಿ.

ಸುತ್ತು. ನನ್ನ ಅಂಗಳ ದೊಡ್ಡದು, ನನ್ನ ಚಿಕ್ಕ ಚಿಕ್ಕ ಚಂದಿರ ಮಕ್ಕಳು ಪಕ್ಕಕ್ಕೆ ಸರಿದುಕೊಳ್ತಾರೆ. ಕಣ್ಣಿಂದ ಮರೆಯಾಗಬೇಡ, ಅಷ್ಟೆ ಅಂತ ತನ್ನ ನೀಲಿ ಸೆರಗಿನ ತುದಿ ಎಸೆದಳಂತೆ. ಅವನು ಗಟ್ಟಿಯಾಗಿ ಹಿಡ್ಕೊಂಡನಂತೆ.

ಹಿಡ್ಕೊಳ್ಳೋಕೆ ಸಿಕ್ತಲ್ಲ ಅಜ್ಜಿ, ಈಗ ತಿರುಗಿದ್ನಾ?

ಇಲ್ಲ. ತಿರುಗು ಅಂತ ಅವಳು ಹೇಳಲೇ ಇಲ್ಲವಲ್ಲ. ಈಗಲೂ ಹೆಚ್ಚುಕಮ್ಮಿ ಆರು ದಿನಕ್ಕೊಂದು ಸುತ್ತು, ಅದೇ ಎದುರುದಿಕ್ಕಲ್ಲಿ. ಆದ್ರೆ ಸುತ್ತಿ ಸುತ್ತಿ, ಯಾರಿಗೂ ಗೊತ್ತಾಗದಷ್ಟು ಮೆಲ್ಲಗೆ, ಅಜ್ಜಿ ಹತ್ರ ಸರೀತಿದಾನಂತೆ.

ಕತೆ ಮುಗೀತು. ಕಾಲು ದಿಂಬಿನ ಮೇಲೇ ಇರಲಿ ಬಿಡು ಕೂಸೇ. ಸ್ವಲ್ಪ ಈ ಕಡೆ ಸರಿ.