ಕಾಲು ತೊಳೆಯುವ ಮುಂಚೆ

"ಮಾಸ್ಟ್ರೇ, ಕೆಲವು ಕೋಚ್‌ಗಳು ಪತ್ರಿಕೆಯವರ ಹತ್ತಿರ ಮಾತೇ ಆಡುವುದಿಲ್ಲ. ಯಾಕೆ?"

ಕೇಳಿದವನು ಯತೀಶ. ಕಾಲೇಜೊಂದರ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿ ಅವನಿಗೆ ಅದು ಎರಡನೆಯ ವರ್ಷ. ಮೊಯ್ದಿನಬ್ಬ ಮಾಸ್ಟ್ರು ಅವನಿಗೆ ಆಟ ಕಲಿಸಿದವರು. ಈಗ ನಿವೃತ್ತರು. ಮಂಗಳೂರಿನ ಒಂದು ಗಲ್ಲಿಯಲ್ಲಿ ಅವರ ಮನೆ. ಆ ಸಂಜೆ ಯತೀಶ ಪಂದ್ಯ ಮುಗಿಸಿಕೊಂಡು ನೇರ ಅಲ್ಲಿಗೆ ಬಂದಿದ್ದ. ಅವನ ತಂಡ ಗೆದ್ದಿತ್ತು. ಸೋತ ತಂಡದ ಕೋಚ್ ವರದಿಗಾರರನ್ನು ಕಂಡು, ಕೈ ಅಡ್ಡ ಹಿಡಿದು, ಮಾತಾಡದೆ ಹೋಗಿದ್ದ.

"ಎಷ್ಟು ಸೊಕ್ಕು ನೋಡಿ," ಎಂದ ಯತೀಶ. "ಎರಡು ಮಾತು ಆಡಿದರೆ ಬಾಯಿ ಸವೆಯುತ್ತದಾ? ನಾನು ಕಾಲು ಗಂಟೆ ನಿಂತು ಮಾತಾಡಿ ಬಂದೆ."

"ಮೊದಲು ಕೂತುಕೋ ಮಾರಾಯ," ಎಂದರು ಮಾಸ್ಟ್ರು. "ಸೊಕ್ಕಿನವರೂ ಇದ್ದಾರೆ, ಇಲ್ಲ ಎಂದವರು ಯಾರು? ಹೆದರುಪುಕ್ಕಲರೂ ಇದ್ದಾರೆ. ಅವರ ವಿಷಯ ನನ್ನ ಹತ್ತಿರ ಕೇಳಬೇಡ, ನನಗೆ ಸಿಟ್ಟು ಬರುತ್ತದೆ. ಬೇರೆ ಒಬ್ಬನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಮಾಸ್ಟ್ರು ಹೇಳಿದ ಕತೆ ಇದು.

ಒಂದು ಕಾಲೇಜಿನಲ್ಲಿ ಒಬ್ಬ ಕೋಚ್ ಇದ್ದ. ಭಾರೀ ಮಾತುಗಾರ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನಿಗೆ ಫುಟ್‌ಬಾಲಿನ ನಿಯಮ ಪೂರ್ತಿ ಹೇಳಿ ಮುಗಿಸಿಯೇ ಇಳಿಯುವವ. ಕೇಳುವವನಿಗೆ ಬೇಕೋ ಬೇಡವೋ ಎಂಬ ಯೋಚನೆ ಅವನಿಗೆ ಇರಲಿಲ್ಲ.

ಅವನದೊಂದು ಪದ್ಧತಿ ಇತ್ತು. ಪಂದ್ಯ ಮುಗಿದ ಕೂಡಲೇ ಹುಡುಗರು ನಲ್ಲಿಯ ಹತ್ತಿರ ಹೋಗುವಂತಿಲ್ಲ. ಕಾಲಿನ ಮಣ್ಣು ಹಾಗೆಯೇ ಇರಬೇಕು. ಒಬ್ಬೊಬ್ಬನಾಗಿ ಅವನ ಹತ್ತಿರ ಬರಬೇಕು. ಅವನು ಆ ದಿನದ ತಪ್ಪನ್ನು ಮುಖಕ್ಕೆ ಹೇಳುತ್ತಿದ್ದ. ಮುಲಾಜು ಗಿಲಾಜು ಏನೂ ಇಲ್ಲ. ಒಳ್ಳೆಯದು ಕಂಡಿದ್ದರೆ ಅದನ್ನೂ ಹೇಳುತ್ತಿದ್ದ. ಉಳಿದವರಿಗೆ ಕೇಳದ ಹಾಗೆ, ಇಬ್ಬರೇ. ಎಲ್ಲ ಹೇಳಿ ಮುಗಿದ ಮೇಲೆ, "ಹೋಗು, ಕಾಲು ತೊಳೆ," ಎನ್ನುತ್ತಿದ್ದ.

ಕಾಲು ತೊಳೆದ ಮೇಲೆ ಆ ಪಂದ್ಯದ ಮಾತು ಮುಗಿಯಿತು. ಅದನ್ನು ಮತ್ತೆ ಯಾರೂ ಎತ್ತಬಾರದು. ಜೊತೆಯವರು ತಮಾಷೆಗೂ ಆಡಿಕೊಳ್ಳಬಾರದು. ಕೋಚ್ ಕೂಡ ತುಟಿ ಬಿಚ್ಚಬಾರದು. ಬೇರೆ ಊರಿಗೆ ಆಡಲು ಹೋದರೂ ಇದೇ ನಿಯಮ. ನಲ್ಲಿ ಇಲ್ಲದ ಕಡೆ ಒಂದು ಬಕೆಟ್ ನೀರು ಇಡಿಸುತ್ತಿದ್ದ.

ಹುಡುಗರಿಗೆ ಇದು ಹಿಡಿಸಿತ್ತು. ಚೆನ್ನಾಗಿ ಬೈಸಿಕೊಂಡವನೂ ಕಾಲು ತೊಳೆದು ಬಂದರೆ ಉಳಿದವರ ಹಾಗೆಯೇ ಒಬ್ಬ. ಅವನೂ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದ.

ಆ ತಂಡದಲ್ಲಿ ಒಬ್ಬ ಡಿಫೆಂಡರ್ ಇದ್ದ. ಅವನ ಅಪ್ಪನದು ಪೇಟೆಯಲ್ಲಿ ಒಂದು ಸೆಲೂನು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಅದೂ ಆಟದ ಕೋಟಾದಲ್ಲಿ ಸಿಕ್ಕಿದ ಸೀಟು. ಅವನು ತಂಡ ಬಿಟ್ಟರೆ ಸೀಟೂ ಬಿಟ್ಟ ಹಾಗೆಯೇ. ಇದು ಅವನಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ವಿಶ್ವವಿದ್ಯಾಲಯದ ಲೀಗ್ ಶುರುವಾಯಿತು. ಮೊದಲ ಪಂದ್ಯ ಬೇರೆ ಊರಿನಲ್ಲಿ. ಇನ್ನು ಮೂರೇ ನಿಮಿಷ ಬಾಕಿ ಎನ್ನುವವರೆಗೆ ಎರಡು ಕಡೆಯೂ ಗೋಲಿಲ್ಲ. ಆಗ ಎದುರು ತಂಡದವನೊಬ್ಬ ಚೆಂಡು ಹಿಡಿದು ನುಗ್ಗಿದ. ನಮ್ಮ ಡಿಫೆಂಡರ್‌ಗೆ ಅದು ಆಫ್‌ಸೈಡ್ ಎನಿಸಿತು. ಆಫ್‌ಸೈಡ್ ಆದರೆ ಆಟ ನಿಲ್ಲುತ್ತದೆ, ಸರಿ. ಆದರೆ ಅದನ್ನು ಹೇಳಬೇಕಾದವನು ರೆಫರಿ. ಇವನು ತಾನೇ ಕೈ ಎತ್ತಿ, ಲೈನ್ಸ್‌ಮನ್‌ನ ಮುಖ ನೋಡುತ್ತ ನಿಂತುಬಿಟ್ಟ. ಬಾವುಟ ಏಳಲಿಲ್ಲ. ಸೀಟಿ ಕೇಳಲಿಲ್ಲ. ಗೋಲಾಯಿತು, ಪಂದ್ಯ ಹೋಯಿತು. ಡಿಫೆಂಡರ್‌ಗಳಿಗೆಲ್ಲ ಇರುವ ರೋಗ ಇದು. ನಿನಗೂ ಇತ್ತು, ನಗಬೇಡ.

ಕೋಚ್ ಹುಡುಗರ ಕಡೆಗೆ ಹೊರಟಿದ್ದ. ದಾರಿಯಲ್ಲಿ ಒಬ್ಬ ವರದಿಗಾರ ಸಿಕ್ಕಿದ. ಅವನನ್ನು ಕೆಟ್ಟವನು ಎಂದು ತಿಳಿಯಬೇಡ. ಕಾಲೇಜು ಹುಡುಗರ ಆಟ ನೋಡಲು ಬಿಸಿಲಿನಲ್ಲಿ ನಿಲ್ಲುತ್ತಿದ್ದ ಪತ್ರಿಕೆಯವನು ಅವನೊಬ್ಬನೇ. "ಸರ್, ಎರಡೇ ನಿಮಿಷ. ಆರು ಗಂಟೆಗೆ ಸುದ್ದಿ ಕಳಿಸಬೇಕು," ಎಂದ. ಕೋಚ್ ನಿಂತ.

ಮಾತುಗಾರನಿಗೆ ಎರಡು ನಿಮಿಷ ಎಂದರೆ ಎಷ್ಟು ಎಂದು ನಿನಗೇ ಗೊತ್ತು. ಇಪ್ಪತ್ತು ನಿಮಿಷವಾಯಿತು. ಅವನು ಸುಳ್ಳು ಹೇಳಲಿಲ್ಲ. "ನಮ್ಮ ಡಿಫೆಂಡರ್ ಕೈ ಎತ್ತಿ ನಿಂತ, ಅದಕ್ಕೇ ಸೋತೆವು. ಆದರೆ ಅವನು ಇರದಿದ್ದರೆ ಮೊದಲರ್ಧದಲ್ಲೇ ನಾಲ್ಕು ಗೋಲು ತಿನ್ನುತ್ತಿದ್ದೆವು. ಅಂಥ ಹುಡುಗ ನನಗೆ ಈವರೆಗೆ ಸಿಕ್ಕಿಲ್ಲ," ಎಂದ. ಪೂರ್ತಿ ನಿಜ. ಪ್ರೀತಿಯಿಂದಲೇ ಹೇಳಿದ.

ಅತ್ತ ಹುಡುಗರು ಮಣ್ಣುಗಾಲಿನಲ್ಲಿ ಕಾದರು. ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಒಬ್ಬೊಬ್ಬರೇ ಕಾಲು ತೊಳೆದು ಬಸ್ಸು ಹತ್ತಿದರು. ಡಿಫೆಂಡರ್ ಮಾತ್ರ ನಿಂತೇ ಇದ್ದ. ಬೈಸಿಕೊಳ್ಳಲಿಕ್ಕೇ ಕಾಯುತ್ತಿದ್ದ, ಪಾಪ. ಡ್ರೈವರ್ ಕೂಗಿ ಗದರಿದಾಗ ಅವನೂ ಹೋಗಿ ಕಾಲು ತೊಳೆದ.

ಕೋಚ್ ಓಡಿ ಬಂದು ಬಸ್ಸು ಹತ್ತಿದ. ಎಲ್ಲರ ಕಾಲು ನೋಡಿದ. ಎಲ್ಲವೂ ತೊಳೆದು ಸ್ವಚ್ಛವಾಗಿದ್ದವು. ತಾನೇ ಮಾಡಿದ ನಿಯಮ, ಮುರಿಯುವ ಹಾಗಿಲ್ಲ. ಬಾಯಿ ಮುಚ್ಚಿ ಕೂತ. ಪರವಾಗಿಲ್ಲ, ಒಂದು ದಿನ ತಪ್ಪಿದರೆ ಏನು ಮಹಾ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಪತ್ರಿಕೆಯಲ್ಲಿ ಜಾಗ ಕಡಿಮೆ ಇತ್ತು. ಕಚೇರಿಯಲ್ಲಿ ಯಾರೋ ಸುದ್ದಿಯನ್ನು ಅರ್ಧಕ್ಕೆ ಇಳಿಸಿದರು. ಮರುದಿನ ಬಂದದ್ದು ಇಷ್ಟೇ: "ಕೈ ಎತ್ತಿ ನಿಂತ ಡಿಫೆಂಡರ್‌ನಿಂದ ಸೋಲು: ಕೋಚ್." ಕೆಳಗೆ ಹುಡುಗನ ಹೆಸರು.

ಸೆಲೂನಿಗೆ ಬರುವವರೆಲ್ಲ ಮೊದಲು ಕೈಗೆತ್ತಿಕೊಳ್ಳುವುದು ಪೇಪರನ್ನೇ ಅಲ್ಲವೇ? ಬೆಂಚಿನಲ್ಲಿ ಕೂತ ಒಬ್ಬ ಗಿರಾಕಿ ಅದನ್ನು ಗಟ್ಟಿಯಾಗಿ ಓದಿ, "ಇದು ನಿಮ್ಮ ಮಗ ಅಲ್ವಾ?" ಎಂದ. ಹುಡುಗ ಅಲ್ಲೇ ನೆಲ ಗುಡಿಸುತ್ತಿದ್ದ. ಅಪ್ಪ ಗಿರಾಕಿಯ ಕೈಯಿಂದ ಪೇಪರ್ ತೆಗೆದುಕೊಂಡು, ಮಡಚಿ, ಕನ್ನಡಿಯ ಹಿಂದೆ ಸಿಕ್ಕಿಸಿದ. ಅಪ್ಪ ಬೈದಿದ್ದರೆ ಹುಡುಗ ತಡೆದುಕೊಳ್ಳುತ್ತಿದ್ದ. ಅಪ್ಪನಿಗೆ ನಾಚಿಕೆಯಾದದ್ದನ್ನು ಅವನಿಗೆ ನೋಡಲು ಆಗಲಿಲ್ಲ.

ಅವನು ಜರ್ಸಿಯನ್ನು ಒಗೆದು, ಇಸ್ತ್ರಿ ಮಾಡಿ, ಗೆಳೆಯನ ಕೈಯಲ್ಲಿ ಕೋಚ್‌ಗೆ ಕಳಿಸಿದ. ಇನ್ನು ಅಪ್ಪನ ಜೊತೆ ಸೆಲೂನಿನಲ್ಲೇ ಇರುತ್ತೇನೆ ಎಂದು ಹೇಳಿ ಕಳಿಸಿದ.

ವರದಿಗಾರನಿಗೆ ಸುದ್ದಿ ಮುಟ್ಟಿತು. ಅವನಿಗೂ ಬೇಸರವಾಯಿತು. ಕೋಚ್ ಹತ್ತಿರ ಬಂದು, "ನೀವು ಅವನನ್ನು ಹೊಗಳಿದ್ದನ್ನೂ ಬರೆಯುತ್ತೇನೆ ಸರ್. ಈ ಸಲ ಪೂರ್ತಿ ಬರುವ ಹಾಗೆ ನೋಡಿಕೊಳ್ಳುತ್ತೇನೆ," ಎಂದ. ಕೋಚ್‌ಗೆ ಅದು ಸರಿ ಎನಿಸಿತು. ಆಗಲಿ ಎಂದ. ಹುಡುಗನಿಗೂ ತಿಳಿಸಿ ಬರೋಣ ಎಂದು ಸೆಲೂನಿಗೆ ಹೋದ.

"ಪೇಪರಿನವರು ಅರ್ಧ ಮಾತು ಕತ್ತರಿಸಿದ್ದಾರೆ. ಉಳಿದರ್ಧ ನಾಳೆ ಬರುತ್ತದೆ. ನೀನು ಓದು, ಆಮೇಲೆ ನಿನಗೇ ಗೊತ್ತಾಗುತ್ತದೆ," ಎಂದ.

ಹುಡುಗ ತಲೆ ತಗ್ಗಿಸಿಯೇ ಇದ್ದ. "ಕತ್ತರಿಸಿದ್ದು ಅವರು ಸರ್," ಎಂದ. "ಆದರೆ ಅವರಿಗೆ ಮೊದಲು ಹೇಳಿದ್ದು ನೀವು. ನಾನು ಅಲ್ಲಿ ಮಣ್ಣುಗಾಲಿನಲ್ಲಿ ಕಾಯುತ್ತಿದ್ದೆ. ಈಗ ಒಳ್ಳೆಯದನ್ನೂ ನಾನು ಪೇಪರಿನಲ್ಲೇ ಓದಬೇಕಾ?"

ಕೋಚ್‌ಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ಹೊತ್ತು ಅವನು ಪೇಪರಿನವರನ್ನೇ ಬೈಯುತ್ತಿದ್ದ. ತಪ್ಪು ಎಲ್ಲಿತ್ತು ಎಂದು ಈಗ ಕಂಡಿತು. "ಸರಿ, ಈಗಲೇ ಹೇಳುತ್ತೇನೆ, ಕೇಳು," ಎಂದ.

"ಕಾಲು ತೊಳೆದು ಮೂರು ದಿನ ಆಯಿತು ಸರ್. ಇನ್ನು ಹೇಳಬಾರದು. ನಿಯಮ ನಿಮ್ಮದೇ."

"ಹಾಗಾದರೆ ಮೈದಾನಕ್ಕೆ ಬಾ. ಮತ್ತೊಮ್ಮೆ ಮಣ್ಣು ಮಾಡಿಕೊ."

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಒಬ್ಬ ಗಿರಾಕಿಯ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದ. ಬ್ರಶ್ಶು ನಿಲ್ಲಿಸಿ, "ಬಾಗಿಲಿಗೆ ಬಂದು ಕರೆಯುತ್ತಿದ್ದಾರೆ, ಹೋಗು," ಎಂದ. ಗಿರಾಕಿಯೂ ಸೋಪಿನ ಬಾಯಿಯಲ್ಲೇ, "ಹೋಗೋ," ಎಂದ.

ಇಬ್ಬರೂ ಮೈದಾನಕ್ಕೆ ಹೋದರು. ಹಿಂದಿನ ದಿನ ಮಳೆ ಬಂದು ನೆಲ ಒದ್ದೆಯಾಗಿತ್ತು. ಕೋಚ್ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಚೆಂಡು ಹಿಡಿದು ನುಗ್ಗಿದ. ಹುಡುಗ ತಡೆದ. ಮತ್ತೆ ನುಗ್ಗಿದ, ಮತ್ತೆ ತಡೆದ. ಐವತ್ತು ದಾಟಿದ ಮನುಷ್ಯ, ಎಷ್ಟು ಓಡಿಯಾನು? ಮೂರನೆಯ ಸಲ ಜಾರಿ ಬಿದ್ದ. ಪ್ಯಾಂಟಿನ ಹೊಲಿಗೆ ಪರ್ರನೆ ಬಿಟ್ಟಿತು. ಹುಡುಗ ನಗು ತಡೆಯಲು ನೋಡಿದ, ಆಗಲಿಲ್ಲ. ಮೂರು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು.

ಇಬ್ಬರೂ ನಲ್ಲಿಯ ಹತ್ತಿರ ಕೂತರು. ಕೋಚ್ ಮೊದಲು ತಪ್ಪನ್ನು ಹೇಳಿದ. ಸ್ವಲ್ಪವೂ ಮೆತ್ತಗೆ ಮಾಡಿ ಹೇಳಲಿಲ್ಲ. "ನೀನು ರೆಫರಿಯಲ್ಲ. ಸೀಟಿ ಊದುವವರೆಗೆ ಓಡಬೇಕು. ನೀನು ಕೈ ಎತ್ತಿ ನಿಂತದ್ದರಿಂದ ಸೋತೆವು," ಎಂದ. ಹುಡುಗ ತಲೆಯಾಡಿಸಿದ. ಆಮೇಲೆ ಉಳಿದರ್ಧ ಹೇಳಿದ. ಅದಕ್ಕೆ ಹುಡುಗ ಅತ್ತುಬಿಟ್ಟ. ಅಷ್ಟು ದೊಡ್ಡ ಮಾತು ತನ್ನ ಬಗ್ಗೆ ಇತ್ತು ಎಂದು ಅವನಿಗೆ ಗೊತ್ತೇ ಇರಲಿಲ್ಲ.

"ಈಗ ನನ್ನ ತಪ್ಪು," ಎಂದ ಕೋಚ್. "ನಿನ್ನನ್ನು ನಿಲ್ಲಿಸಿ ನಿನಗೆ ಹೇಳಬೇಕಾದ ಮಾತನ್ನು ಬೇರೆಯವರಿಗೆ ಕೊಟ್ಟೆ. ಇನ್ನು ಮೇಲೆ ಹಾಗೆ ಮಾಡುವುದಿಲ್ಲ."

ಹುಡುಗ ಕೋಚ್‌ನ ಕಾಲು ನೋಡಿದ. ಮೊಣಕಾಲಿನವರೆಗೂ ಕೆಸರು. ಕಣ್ಣೊರೆಸಿಕೊಂಡು, "ಹೋಗಿ ಸರ್, ಕಾಲು ತೊಳೆಯಿರಿ," ಎಂದ.

ಕೋಚ್ ಎದ್ದು ಕಾಲು ತೊಳೆದ. ವರದಿಗಾರನಿಗೆ, ಬರೆಯುವುದು ಬೇಡ, ಹೇಳಬೇಕಾದವನಿಗೆ ಹೇಳಿ ಆಯಿತು ಎಂದು ತಿಳಿಸಿದ. ಮರುದಿನ ಹುಡುಗ ಜರ್ಸಿ ಹಾಕಿದ.

ಮುಂದಿನ ಪಂದ್ಯದಲ್ಲಿ ಮತ್ತೆ ಒಬ್ಬ ಹಾಗೆಯೇ ನುಗ್ಗಿದ. ಹುಟ್ಟುಗುಣ ಒಂದು ವಾರದಲ್ಲಿ ಹೋಗುತ್ತದಾ? ಹುಡುಗ ಕೈ ಎತ್ತಿಯೇಬಿಟ್ಟ. ಆದರೆ ನಿಲ್ಲಲಿಲ್ಲ ಮಾರಾಯ! ಒಂದು ಕೈ ಮೇಲೆ ಎತ್ತಿಕೊಂಡೇ ಮೈದಾನ ಪೂರ್ತಿ ಓಡಿ, ಚೆಂಡನ್ನು ಹೊರಗೆ ಒದ್ದ. ನೋಡುತ್ತಿದ್ದವರು ಬಿದ್ದು ಬಿದ್ದು ನಕ್ಕರು. ಬೆಂಚಿನಿಂದ ಎದ್ದು ಕುಣಿದವನು ಕೋಚ್ ಒಬ್ಬನೇ. ಪಂದ್ಯ ಸಮವಾಯಿತು.

ಆ ದಿನವೂ ವರದಿಗಾರ ಎದುರು ಬಂದ. ಕೋಚ್ ಕೈ ಅಡ್ಡ ಹಿಡಿದ. "ಹುಡುಗರ ಹತ್ತಿರ ಮಾತು ಉಂಟು. ಅದು ಮುಗಿದ ಮೇಲೆ ಬರುತ್ತೇನೆ," ಎಂದು ಮುಂದೆ ನಡೆದ. ಹದಿನಾರು ಹುಡುಗರ ಹತ್ತಿರ ಮಾತಾಡಿ ಮುಗಿಸುವಾಗ ಆರು ಗಂಟೆ ದಾಟಿತ್ತು. ವರದಿಗಾರ ಹೋಗಿಯಾಗಿತ್ತು. ಮರುದಿನದ ಪೇಪರಿನಲ್ಲಿ, "ಕೋಚ್ ಮಾತನಾಡಲು ನಿರಾಕರಿಸಿದರು," ಎಂದು ಬಂತು. ಊರವರು ಅವನಿಗೆ ಸೊಕ್ಕು ಬಂದಿದೆ ಎಂದರು. ಹುಡುಗರು ಸಿಟ್ಟಾಗಿ ಪೇಪರಿಗೆ ಪತ್ರ ಬರೆಯುತ್ತೇವೆ ಎಂದಾಗ ಅವನು ನಕ್ಕು, ಬಿಡಿ, ಅಭ್ಯಾಸಕ್ಕೆ ಹೊತ್ತಾಯಿತು ಎಂದ.

ಮಾಸ್ಟ್ರು ಕತೆ ಮುಗಿಸಿದರು. ಯತೀಶನ ಮುಖ ಗೆಲುವಾಯಿತು.

"ಅರ್ಥವಾಯಿತು ಮಾಸ್ಟ್ರೇ. ಪುಣ್ಯಕ್ಕೆ ನಾನು ಇವತ್ತು ಯಾರ ತಪ್ಪನ್ನೂ ಹೇಳಲಿಲ್ಲ. ನಮ್ಮ ಗೋಲ್‌ಕೀಪರ್ ಎರಡು ಪೆನಾಲ್ಟಿ ತಡೆದ. ಅವನಿಂದಲೇ ಗೆದ್ದೆವು, ಇಂಥ ಹುಡುಗನಿಗೆ ಕೋಚ್ ಆದದ್ದು ನನ್ನ ಭಾಗ್ಯ ಎಂದು ಪತ್ರಿಕೆಯವರ ಎದುರು ಬಾಯಿ ತುಂಬ ಹೊಗಳಿ ಬಂದೆ."

"ಒಳ್ಳೆಯ ಮಾತು ಮಾರಾಯ," ಎಂದರು ಮಾಸ್ಟ್ರು. "ಅದನ್ನು ಕೇಳಿ ಹುಡುಗ ಎಂತ ಹೇಳಿದ?"

"ಅವನ ಹತ್ತಿರ ಇನ್ನೂ ಮಾತಾಡಿಯೇ ಇಲ್ಲ ಮಾಸ್ಟ್ರೇ," ಎಂದ ಯತೀಶ. ಎದ್ದು, ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದ.